ಹಾರನಹಳ್ಳಿಯ ರಾಕೆಟ್ಟಪ್ಪ

ಅವರಿಗೂ ಒಂದು ಹೆಸರಿತ್ತು, ಮನೆದೇವರ ಹೆಸರು. ಆದರೆ ಹಾರನಹಳ್ಳಿಗೆ ಬಂದು ಆ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. 'ರಾಕೆಟ್ಟಪ್ಪೋರ ಮನೆ' ಅಂದರೆ ಮಾತ್ರ ಕೈ ಮಾಡಿ ತೋರಿಸುತ್ತಿದ್ದರು. ತಾನು ಏನು ಕೆಲಸ ಮಾಡುತ್ತೇನೆ ಎನ್ನುವುದನ್ನು ಬದುಕಿನ ಬಹುಪಾಲು ಯಾರಿಗೂ ಹೇಳದೆ ಇದ್ದ ಮನುಷ್ಯ ಅವರು. ಅದಕ್ಕೇ ಇಲ್ಲಿ ನಾನೂ ಅವರ ನಿಜವಾದ ಹೆಸರು ಬರೆಯುವುದಿಲ್ಲ.

ಆಗ ನಾನು ಹಾರನಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದೆ. ನನ್ನ ತವರು ಕೆ.ಆರ್. ನಗರದ ಕಡೆ, ಕಾಲುವೆ ನೀರಿನ ಊರು. ಪಿರಿಯಾಪಟ್ಟಣದ ಈ ಹೊಗೆಸೊಪ್ಪಿನ ಬಯಲಿಗೆ ಹೊಂದಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು. ನಾನು ಹೋದ ಮರುವರ್ಷ ಅವರು ನಿವೃತ್ತರಾಗಿ, ಹೆಂಡತಿಯನ್ನು ಕರೆದುಕೊಂಡು ಬಂದು, ನಮ್ಮ ಕ್ವಾರ್ಟರ್ಸಿನ ಎದುರಿಗಿದ್ದ ತಮ್ಮ ಹಳೇ ಮನೆಗೆ ಸುಣ್ಣ ಹೊಡೆಸಿ ಉಳಿದುಕೊಂಡರು. ಮಕ್ಕಳಿರಲಿಲ್ಲ. ಎಲ್ಲೋ ಹೊರರಾಜ್ಯದಲ್ಲಿ, ಮಿಲಿಟರಿಗೆ ಬೇಕಾದ್ದನ್ನು ತಯಾರಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಎಂದಷ್ಟೇ ಜನಕ್ಕೆ ಗೊತ್ತು. ಹಿಂದೆ ಯಾವಾಗಲೋ ಅವರ ತಾಯಿ ಬಾವಿಕಟ್ಟೆಯಲ್ಲಿ, "ನಮ್ಮುಡ್ಗ ರಾಕೆಟ್ಟು ಮಾಡೋ ತಾವ ಅವ್ನೆ ಕಣವ್ವ" ಅಂದಿದ್ದರಂತೆ. ಆ ಒಂದು ಮಾತು ಅವರ ಹೆಸರನ್ನೇ ಬದಲಾಯಿಸಿಬಿಟ್ಟಿತ್ತು.

ಬಿ.ಪಿ. ನೋಡಿಸಿಕೊಳ್ಳಲು ವಾರಕ್ಕೊಮ್ಮೆ ಕೇಂದ್ರಕ್ಕೆ ಬರುತ್ತಿದ್ದರು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರಟು, ಜೇಬಿನಲ್ಲಿ ಪೆನ್ನು ಇಲ್ಲ. ನಾನು ತೋಳಿಗೆ ಪಟ್ಟಿ ಸುತ್ತುತ್ತಿದ್ದರೆ, "ಸಿಸ್ಟರ್, ನಿಮ್ಮ ಯಂತ್ರ ಎಷ್ಟು ತಪ್ಪು ತೋರಿಸುತ್ತೆ?" ಎಂದು ಕೇಳುವರು. "ತಪ್ಪು ಯಾಕೆ ತೋರಿಸುತ್ತೆ ಸರ್?" ಅಂದರೆ, "ಎಲ್ಲಾ ಯಂತ್ರಾನೂ ತಪ್ಪು ತೋರಿಸುತ್ತೆ. ಎಷ್ಟು ಅಂತ ಗೊತ್ತಿರಬೇಕು, ಅಷ್ಟೇ," ಅನ್ನುವರು. ನಗುತ್ತಿರಲಿಲ್ಲ. ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿಲ್ಲ.

ಕೇಂದ್ರದ ಹಿಂದೆ ಬಯಲಿತ್ತು, ಸಂಜೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಇವರು ಬಂದು ಹುಣಸೇಮರದ ಕೆಳಗಿನ ಕಲ್ಲಿನ ಮೇಲೆ ಕೂರುವರು. ಯಾರು ಬ್ಯಾಟು ಹಿಡಿದಿದ್ದಾನೆ, ಎಷ್ಟು ರನ್ನು, ಯಾವುದೂ ಬೇಡ. ಚೆಂಡು ಮೇಲೆದ್ದಾಗ ಮಾತ್ರ ಕತ್ತು ಎತ್ತುವರು. ಚೆಂಡು ಇನ್ನೂ ಏರುತ್ತಿರುವಾಗಲೇ, "ಬಿಡ್ರೋ, ಓಡಬೇಡಿ, ತೊಂಡೆ ಚಪ್ಪರದ ಮೇಲೆ ಬೀಳುತ್ತೆ," ಅನ್ನುವರು. ಅಲ್ಲೇ ಬೀಳುತ್ತಿತ್ತು. ಒಂದು ಸಲ ಕಲ್ಲಿನಿಂದ ದಢಕ್ಕನೆ ಎದ್ದು, ರಸ್ತೆಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸಿನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಅವಳು ಗಾಬರಿಯಾಗಿ ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಚೆಂಡು ಅವಳು ನಿಂತಿದ್ದ ಜಾಗಕ್ಕೆ ಬಂದು ಬಿತ್ತು. ಊರಿನವರಿಗೆ ಇದೊಂದು ತಮಾಷೆ. ನನಗೆ ಮಾತ್ರ ಅವರ ಮುಖ ನೋಡಿ ತಮಾಷೆ ಅನಿಸಲಿಲ್ಲ. ಕಲ್ಲಿನ ಮೇಲೆ ಮತ್ತೆ ಕೂತು, ಚೆಂಡು ಬಿದ್ದ ಜಾಗವನ್ನೇ ನೋಡುತ್ತಿದ್ದರು.

ಬಸ್ಸಿನಲ್ಲಿ ಇನ್ನೊಂದು ಥರ. ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಹೋಗುವಾಗ ಸೀಟಿದ್ದರೂ ಕೂರುತ್ತಿರಲಿಲ್ಲ. ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಲ್ಲುವರು. ಆ ರಸ್ತೆ ಗೊತ್ತಿದ್ದವರಿಗೆ ಗೊತ್ತು, ಗುಂಡಿಗಿಂತ ರಸ್ತೆ ಕಡಿಮೆ. ನಮಗೆಲ್ಲ ಸೊಂಟ ಬೀಳುತ್ತಿದ್ದರೆ ಇವರು ಏನೋ ಸಂಗೀತ ಕೇಳುವವರ ಹಾಗೆ ನಿಂತಿರುತ್ತಿದ್ದರು. "ಏನು ಸರ್ ಮಾಡ್ತಿದ್ದೀರಿ?" ಎಂದು ಕೇಳಿದ್ದಕ್ಕೆ, "ಅಲುಗಾಟ ನೋಡ್ತಿದ್ದೀನಿ ಸಿಸ್ಟರ್," ಅಂದರು. ಮುಂದೆ ಕೇಳಿದರೆ, "ಅದು ಹೇಳೋ ಹಾಗಿಲ್ಲ," ಅಂದರು.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅಕ್ಕನಿಗೂ ಏನೂ ಗೊತ್ತಿರಲಿಲ್ಲ. "ಬೆಳಗ್ಗೆ ಡಬ್ಬಿ ಕಟ್ಟಿ ಕೊಡ್ತಿದ್ದೆ, ರಾತ್ರಿ ಡಬ್ಬಿ ವಾಪಸು ಬರ್ತಿತ್ತು. ಕೆಲವು ಸಲ ಸಮುದ್ರದ ಕಡೆ ಹೋಗಿ ಬರೋರು, ಮುಖ ಬಿಸಿಲಿಗೆ ಸುಟ್ಟಿರೋದು. ಬಂದು ಎರಡು ದಿನ ಮಾತಾಡ್ತಾ ಇರ್ಲಿಲ್ಲ. ಆಗ ನಾನು ಸಾರಿಗೆ ಉಪ್ಪು ಮರೆತರೂ ಗೊತ್ತಾಗ್ತಿರ್ಲಿಲ್ಲ," ಎಂದು ಒಮ್ಮೆ ಅಂದಿದ್ದರು.

ಕಾರ್ಗಿಲ್ ಯುದ್ಧ ನಡೆದ ಬೇಸಿಗೆಯಲ್ಲಿ ಪುಟ್ಟತಾಯಮ್ಮನ ಮಗ, ಸೈನ್ಯದಲ್ಲಿದ್ದ ಮಹದೇವ ಸತ್ತ. ಪುಟ್ಟತಾಯಮ್ಮ ಊರಾಚೆ ತೋಟದ ಮನೆಯಲ್ಲಿದ್ದವಳು. ಗಂಡ ಹೋಗಿ ಬಹಳ ವರ್ಷವಾಗಿತ್ತು, ರಾಗಿ ಹೊಗೆಸೊಪ್ಪು ಬೆಳೆದು ಇಬ್ಬರು ಗಂಡುಮಕ್ಕಳನ್ನು ಸಾಕಿದ್ದಳು. ಮಹದೇವ ಮುಖಾಮುಖಿ ಹೋರಾಡಿ ಸಾಯಲಿಲ್ಲ. ಬೆಟ್ಟದ ಬುಡದ ಶಿಬಿರದಲ್ಲಿ ಉಂಡು ತಟ್ಟೆ ತೊಳೆಯುತ್ತಿದ್ದನಂತೆ. ಬೆಟ್ಟದ ಆಚೆಯಿಂದ ಹಾರಿಸಿದ ರಾಕೆಟ್ಟು ಬಂದು ಬಿತ್ತು. ಹೆಣದ ಪೆಟ್ಟಿಗೆಯ ಜೊತೆ ಬಂದಿದ್ದ ಸೈನಿಕ ಇದನ್ನು ಹಿಂದಿಯಲ್ಲಿ ಹೇಳಿದ. ಹಿಂದಿ ಬರುತ್ತಿದ್ದ ನಮ್ಮ ರಾಕೆಟ್ಟಪ್ಪನವರೇ ಅದನ್ನು ಪುಟ್ಟತಾಯಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು. 'ತಟ್ಟೆ ತೊಳೆಯುತ್ತಿದ್ದ' ಎನ್ನುವಲ್ಲಿಗೆ ಬಂದು ನಿಲ್ಲಿಸಿಬಿಟ್ಟರು. ಉಳಿದದ್ದನ್ನು ಅವಳೇ ಅರ್ಥ ಮಾಡಿಕೊಂಡಳು.

ಕೆಲವು ದಿನದ ಮೇಲೆ ಹೈಸ್ಕೂಲ್ ಮೈದಾನದಲ್ಲಿ ಸಂತಾಪ ಸಭೆ ಮಾಡಿದರು. ಶಾಮಿಯಾನ, ಮೈಕು, ಹೂವಿನ ಹಾರ ಹಾಕಿದ ಫೋಟೊ. ತಾಲ್ಲೂಕಿನಿಂದ ಬಂದಿದ್ದ ಒಬ್ಬ ಮುಖಂಡರು ರಾಕೆಟ್ಟಪ್ಪನವರನ್ನೂ ಒತ್ತಾಯ ಮಾಡಿ ವೇದಿಕೆಗೆ ಹತ್ತಿಸಿದರು. ಭಾಷಣದ ಭರದಲ್ಲಿ, "ಶತ್ರು ಬಿಡೋ ರಾಕೆಟ್ಟನ್ನ ಆಕಾಶದಲ್ಲೇ ಪುಡಿಪುಡಿ ಮಾಡೋ ಯಂತ್ರ ಕಂಡುಹಿಡಿದ ವಿಜ್ಞಾನಿ ಇದೇ ಮಣ್ಣಿನವರು! ಇಲ್ಲೇ ಕೂತಿದ್ದಾರೆ!" ಎಂದು ಕೂಗಿದರು. ಅವರಿಗೆ ಅದು ಎಲ್ಲಿಂದ ಗೊತ್ತಾಯಿತೋ. ಯಾರೋ ಯಾರಿಗೋ ಹೇಳಿದ್ದು, ಪೇಪರಿನಲ್ಲಿ ಎಂದೋ ಬಂದಿದ್ದು, ಎಲ್ಲ ಸೇರಿಸಿ ಒಂದು ಅಂದಾಜಿನಲ್ಲಿ ಹೇಳಿದ್ದಿರಬೇಕು. ಜನ ಚಪ್ಪಾಳೆ ತಟ್ಟಿದರು. ಇವರು ತಲೆ ತಗ್ಗಿಸಿ ಕೂತಿದ್ದರು. ಮೈಕು ಕೈಗೆ ಕೊಟ್ಟಾಗ, "ಮಹದೇವ ನಮ್ಮೂರ ಹುಡುಗ. ನನಗೆ ಮಾತಾಡೋಕೆ ಬರೋದಿಲ್ಲ," ಎಂದು ವಾಪಸು ಕೊಟ್ಟರು.

ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟತಾಯಮ್ಮ ಚಪ್ಪಾಳೆ ತಟ್ಟಲಿಲ್ಲ. ಅವರನ್ನೇ ನೋಡುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಅವಳು ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ನಿದ್ದೆ ಬರುವುದಿಲ್ಲ ಎಂದು ಮಾತ್ರೆಗೆ ಬಂದಿರಬೇಕು ಅಂದುಕೊಂಡೆ. "ಮಾತ್ರೆ ಬ್ಯಾಡ ಕಣ್ ನರ್ಸಮ್ಮ. ನನ್ನ ರಾಕೆಟ್ಟಪ್ಪೋರ ಮನೆಗೆ ಕರ್ಕೊಂಡೋಗಿ. ಒಂದ್ ಮಾತು ಕೇಳ್ಬೇಕು. ಒಬ್ಳೇ ಓಗಕ್ಕೆ ಕಾಲು ಬತ್ತಿಲ್ಲ," ಅಂದಳು. ಕರೆದುಕೊಂಡು ಹೋದೆ.

ಅವರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಅವಳನ್ನು ನೋಡಿ ಎದ್ದು ನಿಂತರು. ಕುರ್ಚಿ ತೋರಿಸಿದರೂ ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಅವರೂ ಕುರ್ಚಿ ಬಿಟ್ಟು ಎದುರಿಗೆ ನೆಲದಲ್ಲಿ ಕೂತರು. ಅಕ್ಕ ಚೊಂಬಿನಲ್ಲಿ ನೀರು ತಂದಿಟ್ಟು ಬಾಗಿಲ ಹತ್ತಿರ ನಿಂತರು.

"ಸಾಮಿ, ಮೇಗ್ಲಿಂದ ಬರೋದ ಮೇಲೇ ಒಡ್ದಾಕೋ ಮಿಸಿನ್ನು ಮಾಡಿದ್ರಂತಲ್ಲ ನೀವು. ದಿಟವಾ?"

ಅವರು ನೀರಿನ ಚೊಂಬನ್ನು ಅವಳ ಕಡೆ ಸರಿಸಿದರು. ನನಗೆ ಗೊತ್ತಿದ್ದ ಉತ್ತರ 'ಅದು ಹೇಳೋ ಹಾಗಿಲ್ಲ' ಎನ್ನುವುದು. ಅದನ್ನೇ ಹೇಳುತ್ತಾರೆ ಅಂದುಕೊಂಡೆ.

"ಮಾಡೋಕೆ ಹೋದ್ವಿ ತಾಯಿ," ಅಂದರು.

"ನನ್ ಮಗ ಇದ್ದ ತಾವ ಇತ್ತಾ ಅದು?"

"ಇರಲಿಲ್ಲ."

"ಬ್ಯಾರೆ ಎಲ್ಲಾರ ಮಡಗಿದ್ರಾ?"

"ಎಲ್ಲೂ ಇರಲಿಲ್ಲ. ಅದು ಆಗಲೇ ಇಲ್ಲ ತಾಯಿ. ನಮ್ಮ ಕೈಲಿ ಆಗಲಿಲ್ಲ."

ಆಮೇಲೆ ಅವರು ಹೇಳಿದ್ದನ್ನು, ಅವರ ಹೆಂಡತಿಯೂ ನಾನೂ ಅವಳೂ ಮೂವರೂ ಮೊದಲ ಸಲ ಒಟ್ಟಿಗೇ ಕೇಳಿದೆವು. ಒಂದು ಲಾರಿಯ ಮೇಲೆ ರೇಡಾರು, ಅಂದರೆ ಆಕಾಶ ನೋಡುವ ಕಣ್ಣು. ಇನ್ನೊಂದು ಲಾರಿಯ ಮೇಲೆ ನಮ್ಮ ಕ್ಷಿಪಣಿ. ಸೈನ್ಯ ಎಲ್ಲಿಗೆ ಹೋದರೆ ಲಾರಿಗಳು ಅಲ್ಲಿಗೆ ಹೋಗಬೇಕು. ಹತ್ತಿರದಿಂದಲೇ ಶತ್ರು ಹಾರಿಸಿದ ರಾಕೆಟ್ಟು ಮೇಲೆದ್ದ ತಕ್ಷಣ ಕಣ್ಣು ಅದನ್ನು ಹಿಡಿಯಬೇಕು. ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ಬರೀ ಬಯಲಿಗೆ ಬೀಳುವುದಾದರೆ ಬಿಟ್ಟುಬಿಡುವುದು. ಜನ ಇರುವ ಕಡೆ ಬೀಳುವುದಾದರೆ ನಮ್ಮದು ಹಾರಿ ಹೋಗಿ ಅದನ್ನು ಆಕಾಶದಲ್ಲೇ ತಡೆಯುವುದು. ಇಷ್ಟೂ ಆಗಲು ಇರುವ ಸಮಯ, ಲೋಟದ ಕಾಫಿ ಆರಿಸಿಕೊಳ್ಳುವಷ್ಟೂ ಇಲ್ಲ.

"ನಿಂತ ಜಾಗದಲ್ಲಿ ಇಟ್ಟು ನೋಡಿದರೆ ಒಂದೊಂದು ಸಲ ಹೊಡೀತಿತ್ತು. ಲಾರಿ ಮೇಲೆ ಏರಿಸಿ ಕೆಟ್ಟ ರಸ್ತೇಲಿ ಓಡಿಸಿ ನಿಲ್ಲಿಸಿದರೆ ಕಣ್ಣಿನ ನೋಟ ಕೂದಲೆಳೆಯಷ್ಟು ಆಚೀಚೆ ಆಗೋದು. ಇಲ್ಲಿ ಕೂದಲೆಳೆ ಅಂದ್ರೆ ಅಲ್ಲಿ ಮೇಲೆ ಒಂದು ಹೊಲದಷ್ಟು ದೂರ. ನಮ್ಮದು ಪಕ್ಕದಲ್ಲಿ ಹಾದು ಹೋಗೋದು. ನನ್ನ ವಯಸ್ಸೆಲ್ಲಾ ಅದರಲ್ಲೇ ಕಳೀತು. ಆಗಲಿಲ್ಲ."

ಪುಟ್ಟತಾಯಮ್ಮ ಕೇಳಿಸಿಕೊಂಡಳು. ಎಷ್ಟು ಅರ್ಥವಾಯಿತೋ, ಅವಳಿಗೆ ಬೇಕಾದ್ದು ಅರ್ಥವಾಯಿತು.

"ಅಂಗಾರೆ ಅವತ್ತು ಅವ್ನ್ ತಲೆ ಮ್ಯಾಲೆ ಏನೂ ಇರ್ನಿಲ್ಲ."

"ಏನೂ ಇರಲಿಲ್ಲ ತಾಯಿ."

"ಬರೀ ಆಕಾಸ."

"ಹ್ಞೂ."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಚೊಂಬಿನ ನೀರು ಕುಡಿದು, ಮೊಣಕಾಲಿಗೆ ಕೈ ಊರಿ ಎದ್ದಳು. "ಬತ್ತೀನಿ," ಅಂದಳು. ಬಾಗಿಲ ಹತ್ತಿರ ಅಕ್ಕನ ಕಡೆ ತಿರುಗಿ, "ನೀರು ತಣ್ಣಗಿತ್ತು ಕಣವ್ವ," ಅಂದಳು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಆ ಮಾತು ಮನೆಯಲ್ಲೇ ಉಳಿಯಲಿಲ್ಲ. ಮಗ ಸತ್ತ ದುಃಖದಲ್ಲಿ ಪುಟ್ಟತಾಯಮ್ಮ ಬಂದವರಿಗೆಲ್ಲ, "ಮಿಸಿನ್ನೇ ಇರ್ನಿಲ್ವಂತೆ, ರಾಕೆಟ್ಟಪ್ಪೋರೇ ಏಳುದ್ರು," ಎಂದು ಹೇಳಿಕೊಂಡಳು. ಊರಿಗೆ ಸಿಟ್ಟು ಬಂತು. ಯುದ್ಧ ಗೆದ್ದ ಹುರುಪಿನ ದಿನಗಳವು. ಕಾಫಿ ಹೋಟೆಲಿನಲ್ಲಿ ಒಬ್ಬರು ಎಲ್ಲರ ಎದುರಿಗೇ, "ಇಷ್ಟ್ ವರ್ಷ ಸರ್ಕಾರದ ಅನ್ನ ತಿಂದು ಏನೂ ಆಗ್ನಿಲ್ಲ ಅಂತೀರಲ್ರೀ, ನಾಚ್ಕೆ ಆಗಲ್ವಾ?" ಎಂದು ಕೇಳಿಬಿಟ್ಟರು. "ಆಗುತ್ತೆ," ಅಂದರಂತೆ ಇವರು. ಲೋಟ ಕೆಳಗಿಟ್ಟು ಎದ್ದು ಬಂದರಂತೆ. ಆ ವರ್ಷದ ದೀಪಾವಳಿಗೆ ಹುಡುಗರು ಅವರ ಮನೆ ಮುಂದೆ ಬಾಟಲಿಯಲ್ಲಿ ರಾಕೆಟ್ಟು ಇಟ್ಟು ಹಚ್ಚಿದರು. ಅದು ಏರದೆ ಟುಸ್ಸೆಂದು ಅಡ್ಡ ಬಿತ್ತು. "ರಾಕೆಟ್ಟಪ್ಪೋರ ರಾಕೆಟ್ಟು!" ಎಂದು ಕೇಕೆ ಹಾಕಿದರು. ನಾನು ಗದರಿಸಲು ಹೊರಗೆ ಬಂದೆ. ಅವರು ಕಿಟಕಿಯಲ್ಲಿ ನಿಂತು, ಬೇಡ ಎಂದು ಕೈಯಾಡಿಸಿದರು. ಆಮೇಲೆ ಅವರು ಬಯಲಿಗೆ ಬಂದು ಕೂರುವುದನ್ನು ಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರುವರ್ಷ ಪುಟ್ಟತಾಯಮ್ಮನ ಎರಡನೇ ಮಗ ಸಿದ್ದರಾಜು ತಾನೂ ಸೈನ್ಯಕ್ಕೆ ಸೇರುತ್ತೇನೆಂದು ಹೊರಟ. ಊರೆಲ್ಲ ಹೊಗಳಿತು. ಅವಳು ಮಾತ್ರ ಹುಚ್ಚಿಯ ಹಾಗಾದಳು. ಮತ್ತೆ ಇವರ ಮನೆಗೇ ಬಂದಳು, ಈ ಸಲ ಒಬ್ಬಳೇ. "ನಿಮ್ ಮಾತು ಕೇಳ್ತಾನೆ, ಬ್ಯಾಡ ಅಂತ ಏಳಿ ಸಾಮಿ," ಎಂದು ಕಾಲು ಹಿಡಿದಳಂತೆ. ಇವರು ಅವನನ್ನು ಕರೆಸಿ ಮಾತಾಡಿದರು. ನಾನು ಅಕ್ಕನಿಗೆ ಇಂಜೆಕ್ಷನ್ ಕೊಡಲು ಹೋಗಿದ್ದೆ, ಅಲ್ಲೇ ಇದ್ದೆ. ಸಿದ್ದರಾಜು ಮರ್ಯಾದೆಯ ಹುಡುಗ. ನಿಂತುಕೊಂಡೇ ಕೇಳಿದ. ಕೊನೆಗೆ, "ನಾನು ಓಗ್ದಿದ್ರೆ ಇನ್ಯಾರದಾದ್ರೂ ಮಗ ಓಯ್ತಾನೆ ಸಾರ್. ಅವ್ನ್ ತಲೆ ಮೇಲಾದ್ರೂ ಏನಾರ ಇರುತ್ತಾ?" ಎಂದು ಕೇಳಿದ. ಹುಡುಗ ಸೈನ್ಯಕ್ಕೆ ಹೋದ.

ಅಂದಿನಿಂದ ರಾಕೆಟ್ಟಪ್ಪನವರು ಬದಲಾದರು. ಸುಮ್ಮಸುಮ್ಮನೆ ಬಸ್ಸು ಹತ್ತುವುದು, ಹುಣಸೂರು, ಅಲ್ಲಿಂದ ಎಚ್.ಡಿ. ಕೋಟೆ, ಮತ್ತೆ ವಾಪಸು. ಯಾವ ರಸ್ತೆ ಹೆಚ್ಚು ಕೆಟ್ಟಿದೆಯೋ ಆ ಬಸ್ಸು. ಒಮ್ಮೆ ಹುಣಸೂರಿನಿಂದ ಬರುವಾಗ ನನಗೆ ಜೊತೆ ಸಿಕ್ಕಿದರು. ಅವರ ಕಣ್ಣಲ್ಲಿ ಒಂದು ಹೊಳಪಿತ್ತು. "ಸಿಸ್ಟರ್, ನಾವು ಮಾಡಿದ ತಪ್ಪು ಈಗ ಗೊತ್ತಾಯ್ತು. ಅಲುಗಾಟ ತಡೆಯೋಕೆ ಒದ್ದಾಡಿದ್ವಿ. ತಡೆಯೋದು ಬೇಡ. ಎಷ್ಟು ಅಲುಗಾಡಿತು ಅಂತ ಲಾರಿಯೇ ತನ್ನಷ್ಟಕ್ಕೆ ಅಳೆದುಕೊಂಡು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಅಷ್ಟೇ. ನಮ್ಮ ಹಳೇ ಪ್ರಯೋಗಾಲಯಕ್ಕೆ ಹೋಗಿ ಹೇಳಿ ಬರ್ತೀನಿ," ಅಂದರು. 'ಹೇಳೋ ಹಾಗಿಲ್ಲ' ಅನ್ನುತ್ತಿದ್ದ ಮನುಷ್ಯ ತುಂಬಿದ ಬಸ್ಸಿನಲ್ಲಿ ನಿಂತು ಇದನ್ನು ಗಟ್ಟಿಯಾಗಿ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ. ನನಗೂ ಆ ದಿನ ಸಂತೋಷವಾಗಿತ್ತು, ಸುಳ್ಳೇಕೆ. ಪುಟ್ಟತಾಯಮ್ಮನಿಗೆ ಅವರೇ ಹೋಗಿ, "ಒಂದು ದಾರಿ ಇದೆ ತಾಯಿ, ಕೇಳಿಕೊಂಡು ಬರ್ತೀನಿ," ಎಂದು ಹೇಳಿದ್ದರು. ಅವರು ರೈಲು ಹತ್ತುವ ದಿನ ಅವಳು ಬುತ್ತಿ ಕಟ್ಟಿ ಕಳಿಸಿದ್ದಳು, ಕಜ್ಜಾಯ, ಹುರಿದ ಕಡ್ಲೆಕಾಯಿ.

ಹೋದವರು ವಾರ ಕಳೆಯುವುದರೊಳಗೆ ವಾಪಸು ಬಂದರು. ಬಸ್ಸಿಳಿದು ಸೀದಾ ಆರೋಗ್ಯ ಕೇಂದ್ರಕ್ಕೆ ಬಂದು ಬೆಂಚಿನ ಮೇಲೆ ಕೂತರು. ಬಿ.ಪಿ. ನೋಡಿದೆ. ಯಂತ್ರ ಎಷ್ಟು ತಪ್ಪು ತೋರಿಸುತ್ತದೆ ಎಂದು ಅವರು ಕೇಳಲಿಲ್ಲ.

ನಿವೃತ್ತರನ್ನು ಒಳಗೆ ಬಿಡುವುದಿಲ್ಲವಂತೆ. ಅವರ ಕೈಕೆಳಗೆ ಕೆಲಸ ಕಲಿತ ಒಬ್ಬ ಹುಡುಗ, ಈಗ ಅವನೇ ದೊಡ್ಡ ಹುದ್ದೆಯಲ್ಲಿದ್ದ. ಗೇಟಿನಿಂದ ಹೊರಗೆ ಬಂದು, ಕಾಲು ಮುಟ್ಟಿ ನಮಸ್ಕಾರ ಮಾಡಿ, ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಕೂರಿಸಿದನಂತೆ. ಇವರು ತಮಗೆ ಹೊಳೆದದ್ದನ್ನು ಹೇಳಿದರು. ಅವನು ಕೊನೆಯವರೆಗೂ ಕೇಳಿದ.

"ಏನಂದ್ರು ಸರ್?"

"'ನೀವು ಹೋದ ಮೇಲೆ ನಾವು ಅದನ್ನೇ ಮಾಡಿ ನೋಡಿದ್ವಿ ಸರ್,' ಅಂದ. 'ಆಗಲಿಲ್ಲ,' ಅಂದ. ಲಾರಿಗಳಿಗೆ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದಾರಂತೆ. ಕೆಲಸ ನಿಲ್ಲಿಸಿಬಿಡಿ ಅಂತ ಮೇಲಿನವರು ಹೇಳಿ ಆಗಿದೆಯಂತೆ." ತೋಳಿನ ಪಟ್ಟಿ ಬಿಚ್ಚಿ ಕೊಟ್ಟು, "ಒಳ್ಳೆ ಹುಡುಗ. ಅವನ ತಪ್ಪೇನೂ ಇಲ್ಲ. ಟೀ ಕೊಡಿಸಿದ," ಅಂದರು.

ಪುಟ್ಟತಾಯಮ್ಮನಿಗೆ ಹೇಳಬೇಕಿತ್ತು. ನಾನು ಹೇಳುತ್ತೇನೆ ಅಂದರೆ ಒಪ್ಪಲಿಲ್ಲ. ಬಟ್ಟೆಚೀಲ ಹೆಗಲಿಗೆ ಹಾಕಿಕೊಂಡು ತೋಟದ ದಾರಿ ಹಿಡಿದರು. ಅಲ್ಲಿ ಅವಳು ಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಕೂತು ಹೊಗೆಸೊಪ್ಪಿನ ಎಲೆ ಕೋಲಿಗೆ ಕಟ್ಟುತ್ತಿದ್ದಳಂತೆ. ಇವರ ಮುಖ ನೋಡಿದವಳೇ ಮತ್ತೆ ಎಲೆ ಕಟ್ಟಲು ತೊಡಗಿದಳಂತೆ. ಏನಾಯಿತೆಂದು ಕೇಳಲೇ ಇಲ್ಲ. ಇವರೂ ಪಕ್ಕದಲ್ಲಿ ಕೂತು, ಅವಳಿಗೆ ಎಲೆ ಎತ್ತಿಕೊಡುತ್ತಾ, ಕತ್ತಲಾಗುವವರೆಗೂ ಅಲ್ಲೇ ಇದ್ದರು. ಕೈಯೆಲ್ಲ ಅಂಟಾಗಿ ಮನೆಗೆ ಬಂದರು ಎಂದು ಅಕ್ಕ ಹೇಳಿದರು.

ಅದಾದ ಮೇಲಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಜನ ಬಯ್ಯುವುದನ್ನೂ ಮರೆತರು. ಹೆಸರು ಮಾತ್ರ ಉಳಿಯಿತು. ಯಾಕೆ ಆ ಹೆಸರು ಎಂದು ಹೊಸ ಮಕ್ಕಳಿಗೆ ಗೊತ್ತಿರಲಿಲ್ಲ. ಅಕ್ಕ ತೀರಿಕೊಂಡರು. ಇವರು ತಾವೇ ಅಡುಗೆ ಮಾಡಿಕೊಂಡು, ಉಂಡು, ತಟ್ಟೆ ತೊಳೆಯಲು ಹಿತ್ತಲಿಗೆ ಬಂದಾಗ ಸುಮ್ಮನೆ ನಿಂತುಬಿಡುವರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಸಿದ್ದರಾಜು ರಜೆಗೆ ಬಂದಾಗಲೆಲ್ಲ ಅವರನ್ನು ನೋಡಿ ಹೋಗುತ್ತಿದ್ದ. ಅವನು ಇನ್ನೂ ಗಡಿಯಲ್ಲೇ ಇದ್ದ. ಅವನು ಹೊರಟ ಮೇಲೆ ಇವರಿಗೆ ಒಂದು ವಾರ ಜ್ವರ ಬರುತ್ತಿತ್ತು. ಏನು ಔಷಧಿ ಕೊಟ್ಟರೂ ಅಷ್ಟೇ.

ಒಂದು ಮಧ್ಯಾಹ್ನ ನಾನು ಅವರಿಗೆ ಸಾರು ಕೊಡಲು ಹೋದೆ. ಟಿ.ವಿ. ಹಾಕಿಕೊಂಡು ಅದರ ತೀರಾ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದರು. ವಾರ್ತೆಯಲ್ಲಿ ಯಾವುದೋ ಬೇರೆ ದೇಶ ತೋರಿಸುತ್ತಿದ್ದರು. ಮರಳುಗಾಡು, ಒಂದು ಲಾರಿ, ಅದರ ಬೆನ್ನಿನಿಂದ ಬೆಳಕು ಎದ್ದು ಬಳುಕುತ್ತಾ ಹೋಗಿ ಆಕಾಶದಲ್ಲಿ ಇನ್ನೊಂದು ಬೆಳಕಿಗೆ ತಾಗಿತು. ಚಿಕ್ಕದೊಂದು ಹೊಗೆಯ ಉಂಡೆ. ಹತ್ತಿರದಿಂದ ಹಾರಿಬರುವ ರಾಕೆಟ್ಟುಗಳನ್ನು ತಡೆಯುವ ವ್ಯವಸ್ಥೆ ಪರೀಕ್ಷೆಯಲ್ಲಿ ಗೆದ್ದಿದೆ ಎಂದು ವಾರ್ತೆ ಓದುವವಳು ಹೇಳಿದಳು. ಅಷ್ಟರಲ್ಲಿ ಕ್ರೀಡಾ ಸುದ್ದಿ ಬಂತು.

ನನಗೆ ತಿಳಿಯದೆ ಬಾಯಿಗೆ ಬಂತು: "ಸರ್, ನಿಮ್ಮದೇ ಅಲ್ವಾ ಇದು! ಕೊನೆಗೂ ಯಾರೋ ಮಾಡಿದ್ರಲ್ಲ!"

ಅವರು ನನ್ನ ಕಡೆ ತಿರುಗಿದರು. ಅಂಥ ಮುಖವನ್ನು ನಾನು ಸಾವಿನ ಮನೆಗಳಲ್ಲೂ ಕಂಡಿಲ್ಲ.

"ಅದು ಆಗದೇ ಇರೋ ಕೆಲಸ ಅಂದುಕೊಂಡಿದ್ದೆ ಸಿಸ್ಟರ್," ಅಂದರು. "ಯಾರ ಕೈಲೂ ಆಗದೇ ಇರೋ ಕೆಲಸ. ಅದೊಂದು ಸಮಾಧಾನದ ಮೇಲೆ ಇಷ್ಟು ವರ್ಷ ಬದುಕಿದ್ದೆ."

ಸಾರಿನ ಪಾತ್ರೆ ಹಿಡಿದುಕೊಂಡು ನಿಂತೇ ಇದ್ದೆ. ಅವರೇ ಎದ್ದು ಟಿ.ವಿ. ಆರಿಸಿದರು. "ಪುಟ್ಟತಾಯಮ್ಮನಿಗೆ ಗೊತ್ತಾಗೋದು ಬೇಡ," ಅಂದರು.

ಅದಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕಾಯಿಲೆ ಅಂತ ಹೇಳುವ ಹಾಗೆ ಏನೂ ಇರಲಿಲ್ಲ. ಊಟ ಕಡಿಮೆಯಾಯಿತು, ಮಾತು ಮೊದಲೇ ಕಡಿಮೆ. ಒಂದು ಬೆಳಗ್ಗೆ ಬಾಗಿಲು ತೆಗೆಯಲಿಲ್ಲ. ಅವರ ಅಣ್ಣನ ಮಗ ಬಂದು ಎಲ್ಲಾ ಕಾರ್ಯ ಮಾಡಿದ. ಬಂದ ಜನ ಸ್ವಲ್ಪವೇ. ಪುಟ್ಟತಾಯಮ್ಮ ಬಂದಿದ್ದಳು. ಬೆನ್ನು ಬಾಗಿತ್ತು, ಕೋಲು ಹಿಡಿದಿದ್ದಳು. ಹೆಣದ ಕಾಲಿನ ಹತ್ತಿರ ಕೂತವಳು ಹೆಣ ಎತ್ತುವವರೆಗೂ ಏಳಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಅವಳನ್ನು ತೋಟದ ದಾರಿಯವರೆಗೆ ಬಿಡಲು ಹೋದೆ. ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಂಡಳು.

"ನರ್ಸಮ್ಮ, ಕೊನೀಗೂ ಆಗ್ನೇ ಇಲ್ವಾ ಅದು?"

"ಇಲ್ಲ ಅಮ್ಮ."

"ಬ್ಯಾರೆ ದೇಸ್ದಾಗೆ? ದೊಡ್ ದೊಡ್ಡೋರ್ ಇರ್ತಾರಲ್ಲ. ಅವ್ರ್ ಯಾರ್ ಕೈಲೂ ಆಗ್ನಿಲ್ವಾ?"

"ಯಾರ ಕೈಲೂ ಆಗಲಿಲ್ಲ," ಅಂದೆ.

ಅವಳು ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಅಂಗಾರೆ ಅವ್ರದೇನೂ ತಪ್ಪಿಲ್ಲ ಬುಡಿ," ಅಂದಳು. "ನಮ್ ಮಾದೇವುಂದೂ ಅಷ್ಟೆ. ಆಯಸ್ಸು ಇದ್ದದ್ದೇ ಅಷ್ಟು."

ಕೋಲು ಊರಿಕೊಂಡು ಮುಂದೆ ನಡೆದಳು. ಆ ವಾರ ಸಿದ್ದರಾಜು ಮತ್ತೆ ಗಡಿಗೆ ಹೊರಡುವವನಿದ್ದ.